ಮೊಣಕಾಲುದ್ದ ನೀರಿನಲ್ಲಿ ಒಬ್ಬಳೇ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 47 ವರ್ಷ. ಷಿಕಾಗೋ ಹತ್ತಿರ ಇದ್ದೇನೆ. ಆಗಸ್ಟ್ ಕೊನೆಯಲ್ಲಿ ವಿಸ್ಕಾನ್ಸಿನ್ ನದಿಯಲ್ಲಿ ಕನೂ ದೋಣಿ ಇಟ್ಟುಕೊಂಡು ಒಬ್ಬಳೇ ಎರಡು ದಿನ ಹೋಗಬೇಕು, ರಾತ್ರಿ ಮರಳಿನ ಮೇಲೆ ಟೆಂಟ್ ಹಾಕಬೇಕು ಅಂತ ಬಹಳ ಆಸೆ. ಮನೆಯವರು ಬೇಡ ಅನ್ನುತ್ತಿದ್ದಾರೆ. ನದಿ ಮೊಣಕಾಲುದ್ದ ಅಷ್ಟೇ ಅಂತ ಹೋಗಿಬಂದವರು ಹೇಳುತ್ತಾರೆ. ನನಗೆ ಈಜು ಅಷ್ಟಕ್ಕಷ್ಟೇ. ಲೈಫ್ ಜಾಕೆಟ್ ಹಾಕಿಕೊಳ್ಳಲೇಬೇಕಾ? ಊಟಕ್ಕೆ ಏನು ಒಯ್ಯಲಿ?
– ಓದುಗರು, ನೇಪರ್‌ವಿಲ್

ಉತ್ತರ: ಹೋಗಿ ಬನ್ನಿ, ತಂಗಿ. ಆದರೆ ಜಾಕೆಟ್ ವಿಷಯ ಮೊದಲು ಮುಗಿಸೋಣ. ದೋಣಿಯಲ್ಲಿ ಇರುವ ಒಬ್ಬೊಬ್ಬರಿಗೂ ಒಂದು ಜಾಕೆಟ್ ಇರಲೇಬೇಕು ಅಂತ ವಿಸ್ಕಾನ್ಸಿನ್‌ನಲ್ಲಿ ಕಾನೂನೇ ಇದೆ. ಆದರೆ ನನ್ನ ಮಾತು ಕೇಳಿ, ದೋಣಿಯಲ್ಲಿ ಇದ್ದರೆ ಸಾಲದು, ನಿಮ್ಮ ಮೈಮೇಲೆ ಇರಬೇಕು. ದೋಣಿ ಇಳಿದು ನೀರಿನ ಅಂಚಿಗೆ ಹೋಗುವಾಗಲೂ.

ನಾನು ಕಂಪ್ಲಿಯವಳು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಬೇಸಿಗೆಯಲ್ಲಿ ಹೊಳೆಗೆ ಇಳಿದರೆ ಅಜ್ಜಿ ದಂಡೆಯಿಂದಲೇ ಕೂಗುತ್ತಿದ್ದಳು, ‘ಮಡು ನೋಡಿಕೊಂಡು ನಡಿ’ ಅಂತ. ಪಾದ ಮುಳುಗುವಷ್ಟು ನೀರಿನ ಪಕ್ಕದಲ್ಲೇ ಆಳದ ಮಡು ಇರುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಮ್ಯಾಡಿಸನ್‌ಗೆ ಬಂದು ಎಷ್ಟೋ ವರ್ಷ ಆದ ಮೇಲೆ ನಾನು ಆ ಮಾತು ಮರೆತೆ. ಮೊದಲ ಸಲ ಈ ನದಿಗೆ ಒಬ್ಬಳೇ ಹೋದಾಗ ಅರೀನಾ ಊರಿನ ಹತ್ತಿರ ನದಿಯೊಳಗಿನ ಒಂದು ಮರಳು ದಿಬ್ಬದಲ್ಲಿ ಟೆಂಟ್ ಹಾಕಿದ್ದೆ. ಸಂಜೆ ಅನ್ನದ ಪಾತ್ರೆ ತೊಳೆಯಲು ದಿಬ್ಬದ ಕೆಳತುದಿಗೆ, ಅಂದರೆ ನೀರು ಹರಿದುಹೋಗುವ ಕಡೆಗೆ, ನಡೆದೆ. ನೀರು ಕಣಕಾಲು ಮುಟ್ಟುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟೆ. ಕಾಲ ಕೆಳಗಿನ ಮರಳು ಕುಸಿಯಿತು, ತಲೆ ಮುಳುಗಿತು. ಜಾಕೆಟ್ ಟೆಂಟಿನ ಮೇಲೆ ಒಣಗುತ್ತಿತ್ತು. ಸೆಳವು ನನ್ನನ್ನು ಎಳೆದುಕೊಂಡು ಹೋಗಿ ಮುಂದಿನ ದಿಬ್ಬಕ್ಕೆ ಹಾಕಿತು. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. ನದಿ ಮರಳನ್ನು ಉರುಳಿಸಿಕೊಂಡು ಬಂದು ದಿಬ್ಬದ ಕೆಳತುದಿಯಲ್ಲಿ ಸುರಿಯುತ್ತಾ ಹೋಗುತ್ತದೆ. ಲಾರಿ ಮರಳು ಸುರಿದಾಗ ರಾಶಿಯ ಬದಿ ಹೇಗೆ ಕಡಿದಾಗಿ ನಿಲ್ಲುತ್ತದೆ ನೋಡಿ, ನೀರೊಳಗೆ ಆ ತುದಿ ಹಾಗೇ ನಿಂತಿರುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾಲಿಟ್ಟರೆ ಜಾರುತ್ತದೆ. ದಿಬ್ಬದ ಮೇಲ್ತುದಿ, ಅಂದರೆ ನೀರು ಬರುವ ಕಡೆ, ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಪಾತ್ರೆ, ಸ್ನಾನ ಎಲ್ಲ ಅಲ್ಲೇ ಇಟ್ಟುಕೊಳ್ಳಿ. ದೋಣಿ ಮರಳಿಗೆ ಸಿಕ್ಕಿಕೊಂಡರೆ (ದಿನಕ್ಕೆ ನಾಲ್ಕೈದು ಸಲ ಸಿಕ್ಕಿಕೊಳ್ಳುತ್ತದೆ, ಗಾಬರಿ ಬೇಡ) ಹುಟ್ಟುಗೋಲಿನಿಂದ ಮೊದಲು ಆಳ ಚುಚ್ಚಿ ನೋಡಿ. ಆಮೇಲೆ ನೀರು ಬರುವ ಕಡೆಗೇ ಇಳಿಯಿರಿ. ಇನ್ನೊಂದು ಕಡೆ ಇಳಿದರೆ ಸೆಳವಿಗೆ ದೋಣಿ ನಿಮ್ಮ ಮೇಲೇ ಬರುತ್ತದೆ. ದೋಣಿಯ ಅಂಚು ಬಿಡಬೇಡಿ.

ನೀವು ಒಳ್ಳೆಯ ನದಿಯನ್ನೇ ಆರಿಸಿಕೊಂಡಿದ್ದೀರಿ. ಮೇಲ್ಭಾಗದಲ್ಲಿ ಎರಡು ಡಜನ್‌ಗಿಂತ ಜಾಸ್ತಿ ಅಣೆಕಟ್ಟುಗಳಿವೆ. ಆದರೆ ಪ್ರೇರಿ ಡು ಸಾಕ್ ಊರು ದಾಟಿದ ಮೇಲೆ ಮಿಸಿಸಿಪ್ಪಿ ಸೇರುವವರೆಗೆ 92 ಮೈಲಿ ಒಂದೂ ಇಲ್ಲ. ದೋಣಿ ಹೊತ್ತುಕೊಂಡು ನಡೆಯುವ ಕಷ್ಟವಿಲ್ಲ. 1673ರಲ್ಲಿ ಫ್ರೆಂಚ್ ಪಾದ್ರಿ ಮಾರ್ಕೆಟ್ ಮತ್ತು ಅನ್ವೇಷಕ ಜೋಲಿಯೆ ಇದೇ ದಾರಿಯಲ್ಲಿ ಕನೂಗಳಲ್ಲಿ ಹೋಗಿ ಜೂನ್ 17ಕ್ಕೆ ಮಿಸಿಸಿಪ್ಪಿ ಕಂಡರು. ನದಿ ಅಗಲ, ತಳವೆಲ್ಲ ಮರಳು, ದಿಬ್ಬಗಳಿಂದಾಗಿ ಸಾಗುವುದು ಕಷ್ಟ ಅಂತ ಮಾರ್ಕೆಟ್ ಆಗಲೇ ಬರೆದಿದ್ದಾರೆ. ಎರಡು ದಿನಕ್ಕೆ ಸಾಕ್ ಸಿಟಿಯಿಂದ ಸ್ಪ್ರಿಂಗ್ ಗ್ರೀನ್‌ವರೆಗೆ ಸುಮಾರು 25 ಮೈಲಿ ಸರಿಹೋಗುತ್ತದೆ. ದಿನಕ್ಕೆ 12-13 ಮೈಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ಇಬ್ಬರು ಕೂರುವ ಕನೂ ಬಾಡಿಗೆಗೆ ಸಿಕ್ಕಿದರೆ ಹಿಂದಿನ ಸೀಟಿನಲ್ಲಿ ಕೂರಬೇಡಿ, ಮೂತಿ ಮೇಲೆದ್ದು ಗಾಳಿಗೆ ತಿರುಗುತ್ತದೆ. ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕುಳಿತು, ದೋಣಿಯ ಹಿಂಭಾಗವನ್ನೇ ಮುಂದೆ ಮಾಡಿಕೊಳ್ಳಿ. ಆಗ ನೀವು ಹೆಚ್ಚುಕಡಿಮೆ ನಡುವೆ ಇರುತ್ತೀರಿ. ನೀರಿನ ಕ್ಯಾನ್ ನಿಮ್ಮ ಎದುರಿಗೆ ದೂರದಲ್ಲಿ ಇಡಿ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿಯೂ ಜಾಸ್ತಿ ಅತ್ತ ಕಡೆಯಿಂದಲೇ ಬರುತ್ತದೆ. ಮಧ್ಯಾಹ್ನ ಎದುರುಗಾಳಿಗೆ ಹುಟ್ಟು ಹಾಕಿ ತೋಳು ಬಿದ್ದುಹೋಗುತ್ತದೆ. ಬೆಳಗ್ಗೆ ಬೇಗ ಹೊರಡಿ. ತಿರುವುಗಳಲ್ಲಿ ಹೊರಬದಿ ಆಳ, ಒಳಬದಿ ಮರಳು. ಆದರೆ ಹೊರಬದಿಯಲ್ಲಿ ಬಿದ್ದ ಮರಗಳಿರುತ್ತವೆ, ಅವುಗಳಿಂದ ದೂರ ಇರಿ.

ದಿಬ್ಬಗಳಲ್ಲಿ ಟೆಂಟ್ ಹಾಕಲು ಪರ್ಮಿಟ್ ಬೇಡ. 3 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಮಟ್ಟ ಏರುತ್ತದೆ. ಎತ್ತರದ ಜಾಗ ನೋಡಿ. ನಾನು ಮಲಗುವ ಮೊದಲು ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತೇನೆ. ನಡುವೆ ಎಚ್ಚರವಾದಾಗ ಟಾರ್ಚ್ ಬಿಟ್ಟರೆ ನೀರು ಎಲ್ಲಿಗೆ ಬಂದಿದೆ ಅಂತ ಗೊತ್ತಾಗುತ್ತದೆ. ದೋಣಿಯನ್ನು ಪೂರ್ತಿ ಮೇಲಕ್ಕೆಳೆದು ಕಟ್ಟಿಬಿಡಿ. ಒಬ್ಬರೇ ಇರುವಾಗ ದೋಣಿ ತೇಲಿಹೋದರೆ ದಿಬ್ಬದಿಂದ ಹೊರಬರುವ ದಾರಿಯೇ ಇಲ್ಲ ಅಲ್ವಾ?

ಊಟಕ್ಕೆ ನನ್ನ ಲೆಕ್ಕ ಸುಲಭ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅವಲಕ್ಕಿ, ಒಂದು ಹೊತ್ತಿಗೆ ಅನ್ನ. ರೊಟ್ಟಿ ಕೆಡುವುದಿಲ್ಲ, ಒಲೆ ಹೊತ್ತದಿದ್ದರೂ ಹಸಿವು ನೀಗುತ್ತದೆ. ಈ ನದಿಯಲ್ಲಿ ಗಾಜಿನ ಬಾಟಲಿ ತರುವ ಹಾಗಿಲ್ಲ, ಆದ್ದರಿಂದ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ನದಿಯ ನೀರು ಕುಡಿಯಬೇಡಿ, ಸುತ್ತ ಹೊಲಗಳ ಗೊಬ್ಬರ ಎಲ್ಲ ಅದಕ್ಕೇ ಇಳಿಯುತ್ತದೆ. ದಿನಕ್ಕೆ 4 ಲೀಟರ್ ಮನೆಯಿಂದಲೇ ಒಯ್ಯಿರಿ. ಕಸ ವಾಪಸ್ ತನ್ನಿ, ಶೌಚದ್ದೂ ಕೂಡ. ಅದಕ್ಕೆ ಚೀಲಗಳು ಸಿಗುತ್ತವೆ. ಮರಳಿನಲ್ಲಿ ಹೂತರೆ ನೀರು ಏರಿದ ದಿನ ನದಿಗೇ ಹೋಗುತ್ತದೆ.

ಮನೆಯವರಿಗೆ ಸುಮ್ನೆ ‘ಏನೂ ಆಗಲ್ಲ’ ಅನ್ನಬೇಡಿ. ಎಲ್ಲಿ ಇಳಿಯುತ್ತೀರಿ, ಎಲ್ಲಿ ಮಲಗುವ ಅಂದಾಜು, ಯಾವ ಸೇತುವೆಗೆ ಎಷ್ಟು ಗಂಟೆಗೆ ಮುಟ್ಟುತ್ತೀರಿ, ಎಷ್ಟು ಹೊತ್ತು ಕಾದು ಪೊಲೀಸರಿಗೆ ಫೋನ್ ಮಾಡಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನನ್ನ ಯಜಮಾನರು ಆ ಹಾಳೆ ನೋಡಿದ ಮೇಲೆಯೇ ಒಪ್ಪಿದ್ದು.

ಪ್ರಶ್ನೆ: ಮೇಡಂ, ನಮ್ಮ ತುಂಗಭದ್ರೆಯೂ ಬೇಸಿಗೆಯಲ್ಲಿ ತೆಳ್ಳಗೆ ಹರಿಯುತ್ತದೆ. ಇಲ್ಲೂ ಹೀಗೆ ಹರಿಗೋಲಿನಲ್ಲಿ ಒಬ್ಬನೇ ಹೋಗಿ ದಂಡೆಯಲ್ಲಿ ಮಲಗಬಹುದಾ?
– ಓದುಗರು, ಗಂಗಾವತಿ

ಉತ್ತರ: ಬೇಡಪ್ಪಾ. ಮುದ್ಲಾಪುರದಿಂದ ನಮ್ಮ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮೊಸಳೆಗಳೂ ಇವೆ, ಬಿಸಿಲಿಗೆ ಬಂಡೆ ಮೇಲೆ ಮಲಗಿರುವುದನ್ನು ನಾನೇ ನೋಡಿದ್ದೇನೆ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಹಗಲಿನಲ್ಲಿ, ಹೊಳೆ ಗೊತ್ತಿರುವ ಅಂಬಿಗರ ಜೊತೆ, ದೋಣಿ ಬಿಡುವ ಕಡೆ ಮಾತ್ರ ಹರಿಗೋಲು ಹತ್ತಿ. ಬೆಳಗ್ಗೆ ಬೇಗ ಹೋಗಿ ಸದ್ದು ಮಾಡದೆ ಕುಳಿತರೆ ನೀರುನಾಯಿ ಮೀನು ಹಿಡಿದು ಬಂಡೆ ಮೇಲೆ ತಿನ್ನುವುದು ಕಾಣಬಹುದು.