ಮಳೆಗಾಲದ ನಾಲ್ಕು ತಿಂಗಳು ಕಬಡ್ಡಿ ಆಟಗಾರ ಏನು ಮಾಡಬೇಕು?

ನೀವು ಕಾಲೇಜು ತಂಡದ ರೈಡರ್, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಅಂಕ ತರುವವರು. ತೂಕ 82 ಕೆಜಿ. ಮೇ ಕೊನೆಗೆ ಹೊನಲು ಬೆಳಕಿನ ಪಂದ್ಯಗಳು ಮುಗಿದಿವೆ, ಅಕ್ಟೋಬರ್‌ನಲ್ಲಿ ಸೆಲೆಕ್ಷನ್. ಅಲ್ಲಿವರೆಗೆ ದಿನಾ 10 ಕಿಲೋಮೀಟರ್ ಓಡಲಾ, ಜಿಮ್ ಸೇರಲಾ ಎಂದು ಕೇಳಿದ್ದೀರಿ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: ಬಲತೊಡೆಯ ಹಿಂಭಾಗ ಆಗಾಗ ಹಿಡಿದುಕೊಳ್ಳುತ್ತದೆ ಅಂತ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ನಾನು ಹನ್ನೊಂದು ವರ್ಷ ಎಡ ಕಾರ್ನರ್ ಆಡಿದವನು, ಅಂದರೆ ಎಡ ತುದಿಯಲ್ಲಿ ನಿಂತು ರೈಡರ್‌ನನ್ನು ಹಿಡಿಯುವವನು. ಈಗ ಊರಿನ ಹುಡುಗರಿಗೆ ಹೇಳಿಕೊಡುತ್ತೇನೆ. ನನಗೂ ಹೀಗೇ ತೊಡೆ ಹಿಡಿಯುತ್ತಿತ್ತು. ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು ಆಡುತ್ತಿದ್ದೆ. ಮಳೆ ಶುರುವಾದರೆ ಪೂರ್ತಿ ರಜೆ. ನೋವು ಇಳಿಯುತ್ತಿತ್ತು, ವಾಸಿಯಾಯಿತು ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ದೀಪಾವಳಿ ಕಳೆದ ಮೇಲಿನ ಮೊದಲ ಪಂದ್ಯದಲ್ಲೇ, ರೈಡರ್‌ನ ಕಾಲು ಹಿಡಿಯಲು ನುಗ್ಗಿದಾಗ, ಅದೇ ಸ್ನಾಯು ಹರಿಯಿತು. ಆ ವರ್ಷ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ನಾಲ್ಕು ತಿಂಗಳ ರಜೆಯಲ್ಲಿ ನೋವು ಹೋಗಿತ್ತು, ಆದರೆ ಕಾಲಿಗೆ ಇದ್ದ ಬಲವೂ ಹೋಗಿತ್ತು.

ಮೊದಲ ಎರಡು ವಾರ ಮ್ಯಾಟ್ ಕಡೆ ಹೋಗಬೇಡಿ. ನಡೆಯಿರಿ, ಸೈಕಲ್ ಹೊಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ. ಆ ಹೊತ್ತಿನಲ್ಲೇ ಒಬ್ಬ ಫಿಸಿಯೋಗೆ ತೊಡೆ ತೋರಿಸಿಬಿಡಿ. ಅದಕ್ಕಿಂತ ಜಾಸ್ತಿ ದಿನ ಸುಮ್ನೆ ಕೂರುವುದು ಬೇಡ. ಎರಡು ಮೂರು ವಾರಕ್ಕೇ ದಮ್ಮು ಇಳಿಯತೊಡಗುತ್ತದೆ.

ಜೂನ್ ಮಧ್ಯದಿಂದ ಎಂಟು ವಾರ ಬಲಕ್ಕೆ ಕೊಡಿ. ವಾರಕ್ಕೆ ಮೂರು ದಿನ ಸಾಕು. ಜಿಮ್ ಸೇರಿದ ಹುಡುಗರು ಎದೆ, ತೋಳು ಅಂತ ಹೊರಡುತ್ತಾರೆ. ರೈಡರ್‌ಗೆ ಬೇಕಾದದ್ದು ತೊಡೆ, ಸೊಂಟ. ಲೆಕ್ಕ ಹಾಕಿ ನೋಡಿ. ಪುರುಷರ ಅಂಕಣದಲ್ಲಿ ಮಧ್ಯಗೆರೆಯಿಂದ ರೈಡರ್ ದಾಟಬೇಕಾದ ಬಾಕ್ ಲೈನ್ 3.75 ಮೀಟರ್. ಹೆಚ್ಚುವರಿ ಅಂಕ ತರುವ ಬೋನಸ್ ಲೈನ್ ಇನ್ನೂ 1 ಮೀಟರ್ ಆಚೆ. ಬೋನಸ್‌ಗೆ ಹೋದಾಗ ಕಾರ್ನರ್ ಕಾಲು ಹಿಡಿದ ಅಂದರೆ, ಅವನನ್ನೂ, ಮೇಲೆ ಬಿದ್ದ ಕವರ್‌ನನ್ನೂ (ಒಳಗೆ ನಿಂತು ಹಿಡಿಯುವವನು) ಮಧ್ಯಗೆರೆವರೆಗೆ ಅಷ್ಟು ದೂರ ಎಳೆದುಕೊಂಡು ಬರಬೇಕು. ಅಲ್ಲಿ ತೋಳಿನ ಗಾತ್ರ ಏನು ಮಾಡುತ್ತದೆ? ಸ್ಕ್ವಾಟ್, ಡೆಡ್‌ಲಿಫ್ಟ್, ಲಂಜ್, ಪುಲ್ ಅಪ್ ಇವಿಷ್ಟನ್ನು ಶ್ರದ್ಧೆಯಿಂದ ಮಾಡಿ. ಭಾರ ನಿಧಾನವಾಗಿ ಏರಿಸಿ.

ಇದರ ಜೊತೆಗೆ ನಾರ್ಡಿಕ್ ಅನ್ನುವ ವ್ಯಾಯಾಮ. ಇದಕ್ಕೆ ಕಾಸು ಖರ್ಚಿಲ್ಲ. ಚಾಪೆ ಮೇಲೆ ಮಂಡಿಯೂರಿ ನಿಲ್ಲಿ. ಗೆಳೆಯ ಹಿಂದಿನಿಂದ ನಿಮ್ಮ ಕಣಕಾಲು ಒತ್ತಿ ಹಿಡಿಯಲಿ. ಸೊಂಟ ಬಾಗಿಸದೆ, ಮೈಯನ್ನು ನೇರವಾಗಿಟ್ಟು, ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ. ತಡೆಯಲು ಆಗದಾಗ ಕೈ ಊರಿ. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ. ಮಾರನೆಯ ದಿನ ತೊಡೆ ಕಡಿಯುತ್ತದೆ, ಹೆದರಬೇಡಿ. ಎರಡನೆಯ ವಾರ ಎರಡು ದಿನ, ಆಮೇಲೆ ಮೂರು ದಿನ, ಎಣಿಕೆಯನ್ನೂ ಏರಿಸುತ್ತಾ ಹೋಗಿ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ಇದರಿಂದ ತೊಡೆಯ ಹಿಂಭಾಗದ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ನನಗೆ ಇದನ್ನು ಆಗ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಆದರೆ ಈಗಲೂ ನೋವು ಇದ್ದರೆ ಫಿಸಿಯೋ ಒಪ್ಪಿದ ಮೇಲೆಯೇ ಶುರು ಮಾಡಿ.

ದಿನಾ 10 ಕಿಲೋಮೀಟರ್ ಬೇಡ. ಒಂದು ರೈಡ್ 30 ಸೆಕೆಂಡ್. ಅಷ್ಟರಲ್ಲಿ ನುಗ್ಗಬೇಕು, ನಿಲ್ಲಬೇಕು, ತಿರುಗಿ ಹಾರಬೇಕು. ವಾರಕ್ಕೆ ಎರಡು ದಿನ ಅರ್ಧ ಗಂಟೆ, ಮಾತಾಡುತ್ತಾ ಓಡುವಷ್ಟು ನಿಧಾನಕ್ಕೆ ಓಡಿ, ಸಾಕು. ಆಗಸ್ಟ್ ಮಧ್ಯದಿಂದ ವೇಗದ ಕೆಲಸ. ಹತ್ತು ಮೀಟರ್ ನುಗ್ಗಿ ನಿಂತು ಹಿಂದೆ ಬರುವುದನ್ನು ಮೊದಲು ಕಲಿಯಿರಿ. ಆಮೇಲೆ 30 ಸೆಕೆಂಡ್ ಪೂರ್ತಿ ಶಕ್ತಿ ಹಾಕಿ ಆಚೆ ಈಚೆ ಓಟ, ಒಂದೂವರೆ ನಿಮಿಷ ವಿಶ್ರಾಂತಿ, ಹೀಗೆ ಆರೇಳು ಸಲ. ಓಡುವಾಗ ಬಾಯಲ್ಲಿ 'ಕಬಡ್ಡಿ ಕಬಡ್ಡಿ' ಇರಲಿ. ಪಂದ್ಯದಲ್ಲಿ ಉಸಿರು ಹಾಗೇ ತಾನೇ ಖರ್ಚಾಗುವುದು?

ಪಾಚಿ ಕಟ್ಟಿದ ಮೈದಾನದಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ, ಮಂಡಿ ತಿರುಚಿಕೊಳ್ಳುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ನಮ್ಮೂರ ಛತ್ರ ಖಾಲಿ ಇರುತ್ತದೆ. ಕೇಳಿದರೆ ಕೊಡುತ್ತಾರೆ. ನಾವು ಅಲ್ಲೇ ಮ್ಯಾಟ್ ಹಾಸುತ್ತೇವೆ.

ತೂಕದ ಮಾತು. ಸೀನಿಯರ್ ಪುರುಷರಿಗೆ ಮಿತಿ 85 ಕೆಜಿ. ಬಲ ಬಂದಾಗ ಒಂದೆರಡು ಕೆಜಿ ಏರಿದರೆ ಪರವಾಗಿಲ್ಲ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ತೂಕ ಹಾಕುವ ಹಿಂದಿನ ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಓಡುವ ಹುಡುಗರನ್ನು ನೋಡಿದ್ದೇನೆ. ನೋಡಿದರೆ ಸಂಕಟವಾಗುತ್ತದೆ. ಮಾರನೆಯ ದಿನ ಅವರ ಕಾಲಲ್ಲಿ ಏನೂ ಉಳಿದಿರುವುದಿಲ್ಲ. ಇಳಿಸಬೇಕಿದ್ದರೆ ಈಗಲೇ, ವಾರಕ್ಕೆ ಅರ್ಧ ಕೆಜಿಯಂತೆ ಇಳಿಸಿ.

ಊಟಕ್ಕೆ ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 130 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಒಂದು ಮೊಟ್ಟೆಗೆ 6 ಗ್ರಾಂ ಬರುತ್ತದೆ. ಮುದ್ದೆ ಜೊತೆ ಹುರುಳಿ ಸಾರು, ಕಡಲೆಕಾಯಿ, ಹಾಲು, ಮೊಸರು, ತಿನ್ನುವವರಾದರೆ ಕೋಳಿ, ಮೀನು. ಜಿಮ್‌ನಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ಮಾತ್ರ ಮುಟ್ಟಬೇಡಿ. ಅದರಲ್ಲಿ ನಿಷೇಧಿತ ಮದ್ದು ಇದ್ದರೆ, ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿಬೀಳುವವರು ನೀವು.

ಸೆಪ್ಟೆಂಬರ್‌ನಲ್ಲಿ ಮ್ಯಾಟ್ ಜಾಸ್ತಿ, ಜಿಮ್ ಕಡಿಮೆ. ಭಾರ ಎತ್ತುವುದನ್ನು ವಾರಕ್ಕೆ ಒಂದೆರಡು ದಿನಕ್ಕೆ ಇಳಿಸಿ. ನಾರ್ಡಿಕ್ ಮಾತ್ರ ಸೀಸನ್ ಪೂರ್ತಿ ವಾರಕ್ಕೊಮ್ಮೆ ಇರಲಿ. ನಮ್ಮ ಹುಡುಗರ ಪಂದ್ಯಗಳು ಹೆಚ್ಚಾಗಿ ಶನಿವಾರ ರಾತ್ರಿ. ಅದಕ್ಕೇ ನಾರ್ಡಿಕ್ ಅನ್ನು ಮಂಗಳವಾರ ಮಾಡಿಸುತ್ತೇನೆ, ಶನಿವಾರದ ಹೊತ್ತಿಗೆ ಕಾಲು ಹಗುರಾಗಿರುತ್ತದೆ.