ಸಂಪಾದಕರ ಉತ್ತರ: ಕಂದಮ್ಮಗಳ ವಾರ್ಡಿಗೆ ಹೋಗಲೇ?

“ಮಕ್ಕಳೆಂದರೆ ನನಗೆ ಪ್ರಾಣ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲೇ ಕೆಲಸ ಮಾಡುವಾಸೆ. ಮನೆಯವರು ಮಾತ್ರ, ಎಳೆಗೂಸುಗಳ ಸಾವು ನೋಡಲು ನಿನ್ನಿಂದಾಗದು ಅನ್ನುತ್ತಾರೆ. ಏನು ಮಾಡಲಿ?” ಎಂದು ನರ್ಸಿಂಗ್ ಅಂತಿಮ ವರ್ಷದ ಓದುಗರೊಬ್ಬರು ಕೇಳಿದ್ದಾರೆ.

ಪ್ರೀತಿ ಇರಲಿ. ಆದರೆ ಆ ವಾರ್ಡಿನಲ್ಲಿ ಮಗುವನ್ನು ಎತ್ತಿ ಮುದ್ದಾಡುವ ಅವಕಾಶ ಕಡಿಮೆ. ಕಿಲೋ ತೂಗದ ಕೂಸಿಗೆ ಸುಮ್ಮನೆ ಮುಟ್ಟಿದರೂ ಆಯಾಸ. ಹಾಗಾಗಿ ಡಯಾಪರ್, ಜ್ವರ, ಮಗ್ಗುಲು ಎಲ್ಲವನ್ನೂ ಒಂದೇ ಸಲಕ್ಕೆ ನೋಡಿ ಮುಗಿಸುತ್ತಾರೆ. ಬಿಚ್ಚಿದ ಡಯಾಪರನ್ನೂ ತೂಗುತ್ತಾರೆ: ಒಣಗಿದ್ದಾಗಿನ ತೂಕ ಕಳೆದರೆ ಉಳಿದ ಒಂದೊಂದು ಗ್ರಾಮೂ ಸುಮಾರು ಒಂದು ಮಿಲಿಲೀಟರ್ ಮೂತ್ರದ ಲೆಕ್ಕ. ಔಷಧಿಯಲ್ಲಿ ದಶಮಾಂಶದ ಚುಕ್ಕಿ ಆಚೀಚೆ ಆದರೆ ಹತ್ತು ಪಟ್ಟು ಹೆಚ್ಚು ಹೋದೀತು. (ಗಣಿತದಿಂದ ತಪ್ಪಿಸಿಕೊಳ್ಳಲು ನರ್ಸಿಂಗ್ ಹಿಡಿದಿದ್ದರೆ ಈಗಲೇ ಹೇಳಿಬಿಡಿ!) ಮಗುವಿನ ಉಸಿರು ನಿಂತಿತೆಂದು ಮಾನಿಟರ್ ಕೂಗಿಕೊಂಡಾಗ ಪಳಗಿದ ನರ್ಸ್ ಮೊದಲು ಮಗುವಿನ ಬಣ್ಣ ನೋಡುತ್ತಾಳೆ. ಎಷ್ಟೋ ಸಲ ಅಂಗಾಲನ್ನು ಮೆಲ್ಲಗೆ ತಟ್ಟಿದರೆ ಸಾಕು, ಉಸಿರು ಮತ್ತೆ ಹತ್ತುತ್ತದೆ.

ಇಲ್ಲಿ ಬಂಡವಾಳವೆಂದರೆ ಕಣ್ಣು. ಕಾಮಾಲೆಯ ಶಿಶುವನ್ನು ನೀಲಿ ದೀಪದಡಿ ಮಲಗಿಸುವುದನ್ನು ನೀವು ನೋಡಿರುತ್ತೀರಿ. ಅದರ ಹಿಂದೆ ಇಂಗ್ಲೆಂಡಿನ ರಾಚ್‌ಫೋರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಎಂಬ ಹೆಸರಿನ ನರ್ಸ್ ಇದ್ದಾರೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಅವರು ಬಿಸಿಲಿಗೆ ಒಯ್ಯುತ್ತಿದ್ದರು. 1956ರಲ್ಲಿ ಒಂದು ಮಗುವಿನ ಮೈಯ ಹಳದಿ ಇಳಿದಿದ್ದು, ಬಟ್ಟೆಯ ಅಂಚು ಮುಚ್ಚಿದ್ದ ಕಡೆ ಮಾತ್ರ ಹಾಗೇ ಉಳಿದಿದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಎರಡೇ ವರ್ಷದಲ್ಲಿ ದೀಪದ ಚಿಕಿತ್ಸೆಯ ವರದಿ ವೈದ್ಯಪತ್ರಿಕೆಯಲ್ಲಿ ಬಂತು.

ಇನ್ನು ಸಾವು. ಅದು ಇದೆ, ಮುಚ್ಚಿಡುವುದೇಕೆ? ಆದರೂ ಒಳ್ಳೆಯ ಆರೈಕೆ ಸಿಕ್ಕರೆ ಅಲ್ಲಿಗೆ ಬಂದ ಹೆಚ್ಚಿನ ಮಕ್ಕಳು ಮನೆಗೆ ಹೋಗುತ್ತವೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕಷ್ಟದ್ದು, ತನ್ನ ಕೂಸನ್ನೇ ಮುಟ್ಟಲು ಹೆದರುವ ತಾಯಿಯನ್ನು ಹತ್ತಿರಕ್ಕೆ ತರುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದಾಗಿ ಶಿಶುಗಳನ್ನು ತಾಯಿಯ ಬರಿ ಎದೆಗೆ ಒರಗಿಸಿ ಕಟ್ಟತೊಡಗಿದರು. ಈಗ ಲೋಕವೆಲ್ಲ ಬಳಸುವ ಕಾಂಗರೂ ಆರೈಕೆ ಅದೇ. ನಳಿಗೆಗಳು ಜಾರದಂತೆ ಮಗುವನ್ನು ಆ ಎದೆಗೆ ಸೇರಿಸಿ, ಅವಳ ಗಾಬರಿ ಇಳಿಯುವವರೆಗೆ ಪಕ್ಕದಲ್ಲಿ ನಿಲ್ಲುವುದು ನಿಮ್ಮ ಪಾಲಿನ ಕೆಲಸ.

ಮನೆಯವರೊಡನೆ ವಾದ ಬೇಡ. ಆ ವಾರ್ಡಿಗೆ ಪೋಸ್ಟಿಂಗ್ ಕೇಳಿ, ರಾತ್ರಿ ಪಾಳಿಯನ್ನೂ ಸೇರಿಸಿ. ಮಗು ತೀರಿಹೋದ ದಿನ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದು ಅಲ್ಲಿನ ಹಿರಿಯ ಸಿಸ್ಟರ್‌ಗಳನ್ನು ಕೇಳಿ. ಯಾರೂ ಇಲ್ಲ ಅಂದರೆ ಬೇರೆ ಆಸ್ಪತ್ರೆ ಹುಡುಕಿ, ಬೇರೆ ಕೆಲಸ ಹುಡುಕಬೇಡಿ.