ಸರ್ಕಾರಿ ವಿಮೆ ಬಂದರೆ ಚಿಕಿತ್ಸೆ ಅಗ್ಗವಾಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಸ್ವಂತ ಉದ್ಯೋಗ ಮಾಡಿಕೊಂಡಿದ್ದಾನೆ. ವಯಸ್ಸು 48, ಸಕ್ಕರೆ ಕಾಯಿಲೆ ಇದೆ. ತಿಂಗಳು ತಿಂಗಳು ವಿಮೆಯ ಕಂತು ಕಟ್ಟಿಯೂ ಆಸ್ಪತ್ರೆಗೆ ಹೋದಾಗ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ ಎಂದು ಫೋನ್ ಮಾಡಿದಾಗಲೆಲ್ಲ ಹೇಳುತ್ತಾನೆ. ಅಲ್ಲಿ ಸರ್ಕಾರವೇ ವಿಮೆ ನಡೆಸಿದರೆ ಈ ಹೊರೆ ಇಳಿಯುತ್ತದೆಯೇ? ಹಾಗೆ ಮಾಡಿದರೆ ಖಾಸಗಿ ಕಂಪನಿಗಳು ಬಾಗಿಲು ಹಾಕುತ್ತವೆ ಎನ್ನುವುದು ನಿಜವೇ?

ಉತ್ತರ: ಅಮೆರಿಕದಲ್ಲಿ ಸರ್ಕಾರಿ ವಿಮೆ ಈಗಾಗಲೇ ಇದೆ. 65 ದಾಟಿದವರಿಗೆ ಮೆಡಿಕೇರ್, ಕಡಿಮೆ ಆದಾಯದವರಿಗೆ ಮೆಡಿಕೇಡ್. ಎರಡೂ 1965ರಲ್ಲಿ ಬಂದವು. ನಿಮ್ಮ ತಮ್ಮನಂಥವರು, ಅಂದರೆ ವಯಸ್ಸೂ ಆಗಿರದ, ತೀರಾ ಬಡವರೂ ಅಲ್ಲದ, ಕಂಪನಿಯ ಕೆಲಸದ ಜೊತೆಗೆ ಬರುವ ವಿಮೆಯೂ ಇಲ್ಲದ ಜನ, ನಡುವೆ ಉಳಿದುಬಿಡುತ್ತಾರೆ. ವಾದವೆಲ್ಲ ಬಹುಪಾಲು ಇವರ ಸುತ್ತಲೇ ನಡೆಯುತ್ತಿದೆ.

ವಿಮೆಯನ್ನು ಯಾರು ನಡೆಸುತ್ತಾರೆ ಎನ್ನುವುದಕ್ಕಿಂತ, ಆ ವಿಮೆ ಆಸ್ಪತ್ರೆಗೆ ಎಷ್ಟು ದರ ಕೊಡುತ್ತದೆ ಎನ್ನುವುದನ್ನು ಮೊದಲು ಕೇಳಬೇಕೆಂದು ನನ್ನ ಅಭಿಪ್ರಾಯ. ಒಂದೇ ಆಸ್ಪತ್ರೆಯ ಒಂದೇ ಸ್ಕ್ಯಾನಿಂಗ್ ಯಂತ್ರದಲ್ಲಿ ಒಂದೇ ದಿನ ಇಬ್ಬರು ರೋಗಿಗಳು ಮಲಗಿ ಎದ್ದರು ಎಂದುಕೊಳ್ಳಿ. ಒಬ್ಬರದು ಮೆಡಿಕೇರ್, ಇನ್ನೊಬ್ಬರದು ಖಾಸಗಿ ವಿಮೆ. ಮೆಡಿಕೇರ್ 100 ಡಾಲರ್ ಕೊಡುವ ಕಡೆ ಖಾಸಗಿ ಕಂಪನಿ 200 ಡಾಲರ್ ಅಥವಾ ಅದಕ್ಕಿಂತಲೂ ಹೆಚ್ಚು ತೆರುವುದು ಅಲ್ಲಿ ವಿಶೇಷವೇನಲ್ಲ. ಆಸ್ಪತ್ರೆಗಳ ದರದಲ್ಲಿ ಸರಾಸರಿ ಅಂತರವೇ ಅಷ್ಟಿದೆ. ಮೆಡಿಕೇರ್ ದರವನ್ನು ಸರ್ಕಾರ ಗೊತ್ತುಪಡಿಸುತ್ತದೆ, ಖಾಸಗಿ ಕಂಪನಿಯಾದರೆ ಪ್ರತಿ ಆಸ್ಪತ್ರೆಯೊಡನೆಯೂ ಚೌಕಾಸಿ ಮಾಡಬೇಕು. ಊರಿಗೆಲ್ಲ ಒಂದೇ ದೊಡ್ಡ ಆಸ್ಪತ್ರೆ ಇರುವಲ್ಲಿ ಆ ಚೌಕಾಸಿಗೆ ಬಲವೇ ಇರುವುದಿಲ್ಲ.

2009ರಲ್ಲಿ ನಡೆದದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಖಾಸಗಿ ಪಾಲಿಸಿಗಳ ಪಕ್ಕದಲ್ಲೇ ಸರ್ಕಾರದ್ದೊಂದು ಪಾಲಿಸಿಯನ್ನೂ ಮಾರಾಟಕ್ಕಿಡಬೇಕು, ಬೇಕಾದವರು ಕೊಳ್ಳಲಿ ಎಂಬ 'ಪಬ್ಲಿಕ್ ಆಪ್ಷನ್' ಆಗ ಪ್ರತಿನಿಧಿ ಸಭೆಯ ಮಸೂದೆಯಲ್ಲಿತ್ತು. ಅದು ಆಸ್ಪತ್ರೆಗಳಿಗೆ ಕೊಡುವ ದರ ಮೊದಲು ಮೆಡಿಕೇರ್ ದರವನ್ನೇ ಆಧರಿಸಿತ್ತು. ಆದರೆ ಆಸ್ಪತ್ರೆಗಳ ಮತ್ತು ಗ್ರಾಮೀಣ ಪ್ರದೇಶದ ಸದಸ್ಯರ ವಿರೋಧದಿಂದಾಗಿ ಮೆಡಿಕೇರ್ ದರದ ಆಧಾರವನ್ನು ಕೈಬಿಟ್ಟು, ಸರ್ಕಾರಿ ಪಾಲಿಸಿಯೂ ಚೌಕಾಸಿ ಮಾಡಿಯೇ ದರ ಗೊತ್ತುಮಾಡಿಕೊಳ್ಳಲಿ ಎಂದು ತಿದ್ದಲಾಯಿತು. ಹಾಗೆ ತಿದ್ದಿದ ಮೇಲೆ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿ ಹೇಳಿದ್ದೇನೆಂದರೆ, ಈ ಸರ್ಕಾರಿ ಪಾಲಿಸಿಯ ಕಂತು ಖಾಸಗಿ ಪಾಲಿಸಿಗಳ ಸರಾಸರಿಗಿಂತ ತುಸು ಹೆಚ್ಚೇ ಆಗಬಹುದು, ಏಕೆಂದರೆ ಕಾಯಿಲೆ ಹೆಚ್ಚಿರುವವರೇ ಅದಕ್ಕೆ ಸೇರುವ ಸಂಭವವಿದೆ. ದರ ಇಳಿಸುವ ಅಧಿಕಾರವನ್ನು ಕಿತ್ತುಕೊಂಡ ಮೇಲೆ ಸರ್ಕಾರದ ಹೆಸರು ಮಾತ್ರ ಉಳಿಯಿತು. ಕೊನೆಗೆ ಸೆನೆಟ್‌ನಲ್ಲಿ ಅದೂ ಬಿದ್ದುಹೋಯಿತು, 2010ರ ಮಾರ್ಚ್‌ನಲ್ಲಿ ಸಹಿಯಾದ ಆರೋಗ್ಯ ವಿಮಾ ಸುಧಾರಣೆಯ ಕಾಯ್ದೆಯಲ್ಲಿ ('ಒಬಾಮಾಕೇರ್') ಪಬ್ಲಿಕ್ ಆಪ್ಷನ್ ಇರಲಿಲ್ಲ.

ಮುಂದೆ ವಾಷಿಂಗ್ಟನ್ ರಾಜ್ಯ 2019ರಲ್ಲಿ ತನ್ನದೇ ಪಬ್ಲಿಕ್ ಆಪ್ಷನ್ ಕಾನೂನು ಮಾಡಿ, ಆ ಪಾಲಿಸಿಗಳು ವೈದ್ಯರಿಗೂ ಆಸ್ಪತ್ರೆಗಳಿಗೂ ಕೊಡುವ ದರಕ್ಕೆ ಒಟ್ಟಾರೆ ಮೆಡಿಕೇರ್ ದರದ ಶೇ 160ರಷ್ಟಕ್ಕೆ ಮಿತಿ ಹಾಕಿತು. 2021ರಲ್ಲಿ ಪಾಲಿಸಿಗಳು ಬಂದಾಗ ಎಷ್ಟೋ ಆಸ್ಪತ್ರೆಗಳು ಒಪ್ಪಂದಕ್ಕೇ ಬರಲಿಲ್ಲ. ಆಸ್ಪತ್ರೆ ಇಲ್ಲದ ವಿಮೆಯನ್ನು ಯಾರು ತಾನೇ ಕೊಂಡಾರು? ಭಾಗವಹಿಸುವಂತೆ ಒತ್ತಾಯಿಸಲು ರಾಜ್ಯವು ಮತ್ತೊಂದು ಕಾನೂನನ್ನೇ ತರಬೇಕಾಯಿತು. ಆಸ್ಪತ್ರೆಗಳ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ: ಮೆಡಿಕೇರ್ ದರವೊಂದರಿಂದಲೇ ನಡೆಸಿದರೆ ಚಿಕ್ಕ ಊರುಗಳ ಆಸ್ಪತ್ರೆಗಳು ಮುಚ್ಚಬೇಕಾದೀತು ಎಂಬ ಆತಂಕದಲ್ಲಿ ಹುರುಳಿದೆ. ಆದರೆ ಅದೇ ನೆಪದಲ್ಲಿ ದೊಡ್ಡ ನಗರದ ದೊಡ್ಡ ಆಸ್ಪತ್ರೆ ಸಮೂಹಗಳಿಗೂ ಮನಬಂದ ದರ ಬಿಟ್ಟುಕೊಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಖಾಸಗಿ ಕಂಪನಿಗಳು ಮುಚ್ಚುತ್ತವೆಯೇ ಎಂದು ಕೇಳಿದ್ದೀರಿ. ಎಲ್ಲರಿಗೂ ಸರ್ಕಾರದ್ದೊಂದೇ ವಿಮೆ ಎಂದಾದರೆ ಅವುಗಳ ವ್ಯವಹಾರದ ಬಹುಭಾಗ ಹೋಗುವುದು ನಿಜ. ಬೇಕಾದವರು ಕೊಳ್ಳುವ ಪಾಲಿಸಿಗೆ ಆ ಮಾತು ಅನ್ವಯಿಸುವುದಿಲ್ಲ: 2009ರ ಲೆಕ್ಕದಲ್ಲಿ ಅದಕ್ಕೆ ಸೇರಬಹುದಾದವರು ಸುಮಾರು 60 ಲಕ್ಷ ಜನ ಮಾತ್ರ. ಇಷ್ಟಕ್ಕೂ ಇಂದು ಮೆಡಿಕೇರ್ ಫಲಾನುಭವಿಗಳಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಸರ್ಕಾರದ ಹಣದಿಂದ ಖಾಸಗಿ ಕಂಪನಿಗಳು ನಡೆಸುವ 'ಮೆಡಿಕೇರ್ ಅಡ್ವಾಂಟೇಜ್' ಯೋಜನೆಗಳಲ್ಲಿದ್ದಾರೆ.

ಇನ್ನು ನಿಮ್ಮ ತಮ್ಮನ ವಿಷಯ. ಸಕ್ಕರೆ ಕಾಯಿಲೆ ಇದೆ ಎಂಬ ಕಾರಣಕ್ಕೆ ಪಾಲಿಸಿ ನಿರಾಕರಿಸುವುದನ್ನಾಗಲಿ, ಹೆಚ್ಚು ಕಂತು ಕೇಳುವುದನ್ನಾಗಲಿ 2010ರ ಕಾಯ್ದೆ 2014ರಿಂದ ತಡೆದಿದೆ. ಇದು ಸಣ್ಣ ರಕ್ಷಣೆಯಲ್ಲ. ಅವರನ್ನು ಬಾಧಿಸುತ್ತಿರುವುದು ಬಹುಶಃ ಡಿಡಕ್ಟಿಬಲ್, ಅಂದರೆ ಬಹುತೇಕ ಚಿಕಿತ್ಸೆಗಳಿಗೆ ವಿಮೆ ಹಣ ಕೊಡಲು ತೊಡಗುವ ಮೊದಲು ರೋಗಿಯೇ ಭರಿಸಬೇಕಾದ ಮೊತ್ತ. ಕಂತು ಕಡಿಮೆ ಎಂದು 'ಬ್ರಾಂಜ್' ದರ್ಜೆಯ ಪಾಲಿಸಿ ತೆಗೆದುಕೊಂಡಿದ್ದರೆ ಈ ಮೊತ್ತ ಸಾವಿರಾರು ಡಾಲರ್ ಇರುತ್ತದೆ, ಮತ್ತು ತಿಂಗಳು ತಿಂಗಳು ಔಷಧಿ ಬೇಕಾದವರಿಗೆ ಉಳಿಸಿದ ಕಂತಿಗಿಂತ ಕೈಯಿಂದ ಹೋಗುವುದೇ ಹೆಚ್ಚಾಗಿಬಿಡಬಹುದು. ಅವರ ಆದಾಯ ಅಲ್ಲಿನ ಬಡತನ ರೇಖೆಯ ಎರಡೂವರೆ ಪಟ್ಟಿನೊಳಗಿದ್ದರೆ, ಬ್ರಾಂಜ್‌ಗಿಂತ ಒಂದು ಮೆಟ್ಟಿಲು ಮೇಲಿನ 'ಸಿಲ್ವರ್' ದರ್ಜೆಯನ್ನು ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯ ಮೂಲಕವೇ ಕೊಂಡಲ್ಲಿ ಡಿಡಕ್ಟಿಬಲ್‌ನಲ್ಲೂ ರಿಯಾಯಿತಿ ಸಿಗುತ್ತದೆ. ಬ್ರಾಂಜ್ ಕೊಂಡರೆ ಆ ರಿಯಾಯಿತಿ ಇಲ್ಲ. ನವೆಂಬರ್ 1ರಂದು ನೋಂದಣಿ ತೆರೆದಾಗ ಅವರು ಕಂತನ್ನಷ್ಟೇ ನೋಡದೆ, ಕಳೆದ ವರ್ಷದ ಔಷಧಿ ಮತ್ತು ಆಸ್ಪತ್ರೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಇಡೀ ವರ್ಷದ ಖರ್ಚನ್ನು ಕೂಡಿಸಿ ನೋಡಲಿ, ತಾವು ತೋರಿಸಿಕೊಳ್ಳುವ ವೈದ್ಯರು ಆ ಪಾಲಿಸಿಯ ಪಟ್ಟಿಯಲ್ಲಿದ್ದಾರೆಯೇ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಲಿ.